ಹವ್ಯಾಸಿ ಗಾಲ್ಫ್ ಆಟಗಾರನಿಗೆ ಹೊಸ ಕ್ಲಬ್ ಎಷ್ಟು ನೆರವಾದೀತು?

ಎಲ್ಲರಿಗೂ ನಮಸ್ಕಾರ.

ವರ್ಷ ವರ್ಷವೂ ಹೊಸ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಬರುತ್ತದೆ, ಹಿಂದಿನದಕ್ಕಿಂತ ಹತ್ತು ಯಾರ್ಡ್ ಹೆಚ್ಚು ಎನ್ನುತ್ತದೆ ಜಾಹೀರಾತು. ಆ ಹತ್ತುಗಳನ್ನೆಲ್ಲ ಕೂಡಿಸಿದರೆ ಇಷ್ಟು ಹೊತ್ತಿಗೆ ನಾವೆಲ್ಲ 400 ಯಾರ್ಡ್ ದಾಟಿಸಬೇಕಿತ್ತು. ಬ್ರಿಟನ್ನಿನ ಹವ್ಯಾಸಿ ಗಂಡಸರ ಡ್ರೈವ್‌ಗಳನ್ನು ಗಾಲ್ಫ್ ನಿಯಮ ರೂಪಿಸುವ ಆರ್ ಅಂಡ್ ಎ ಸಂಸ್ಥೆ 1996ರಿಂದ ಅಳೆಯುತ್ತಾ ಬಂದಿದೆ. ಆಗ ಸರಾಸರಿ 200 ಯಾರ್ಡ್‌ನ ಆಸುಪಾಸು. 2005ರ ಹೊತ್ತಿಗೆ 215ರ ಹತ್ತಿರ ಬಂತು. 2019ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು.

ನಿಂತದ್ದಕ್ಕೆ ಕಾರಣ ನಿಯಮಪುಸ್ತಕದಲ್ಲಿದೆ. ಹಳೆಯ ಡ್ರೈವರ್‌ಗಳ ಪರ್ಸಿಮನ್ ಮರದ ತಲೆ 200 ಸಿಸಿಗಿಂತ ಚಿಕ್ಕದು. 1979ರಲ್ಲಿ ಟೇಲರ್‌ಮೇಡ್ ಉಕ್ಕಿನ ತಲೆ ತಂದಿತು, 1991ರಲ್ಲಿ ಕ್ಯಾಲವೇಯ ಬಿಗ್ ಬರ್ತಾ ಬಂತು, ಆಮೇಲೆ ಟೈಟಾನಿಯಂ. ತಲೆ ಉಬ್ಬುತ್ತಾ ಹೋಯಿತು, ಚೆಂಡಿಗೆ ಬಡಿಯುವ ಮುಖದ ಲೋಹ ತೆಳ್ಳಗಾಗಿ ಸ್ಪ್ರಿಂಗಿನಂತೆ ಚಿಮ್ಮತೊಡಗಿತು. ಕೊನೆಗೆ ಗಾತ್ರಕ್ಕೆ 460 ಸಿಸಿ, ಚಿಮ್ಮುವಿಕೆಯ ಗುಣಾಂಕಕ್ಕೆ 0.830 ಎಂಬ ಮಿತಿ ಬಿತ್ತು. ಇವತ್ತಿನ ಡ್ರೈವರ್‌ಗಳೆಲ್ಲ ಆ ಗೋಡೆಗೆ ಒರಗಿಯೇ ನಿಂತಿವೆ. ನಿಮ್ಮದು 1990ರ ದಶಕದ ಡ್ರೈವರ್ ಆಗಿದ್ದರೆ ಬದಲಾಯಿಸಿ, ಖಂಡಿತ ಲಾಭವಿದೆ. 2015ರದ್ದಾದರೆ ದುಡ್ಡು ಜೇಬಿನಲ್ಲೇ ಇರಲಿ.

ತಂತ್ರಜ್ಞಾನ ನಿಜವಾಗಿ ಕೊಟ್ಟದ್ದು ಕ್ಷಮೆ. ತಲೆಯ ತೂಕವನ್ನು ಅಂಚಿಗೆ ಸರಿಸಿದರೆ, ಚೆಂಡು ನಡುವಿಗೆ ಬೀಳದೆ ಟೋ (ತಲೆಯ ಹೊರತುದಿ) ಕಡೆಗೆ ಬಡಿದಾಗಲೂ ತಲೆ ಅಷ್ಟು ತಿರುಚಿಕೊಳ್ಳುವುದಿಲ್ಲ. ಹೀಗಾಗಿ ಕೆಟ್ಟ ಹೊಡೆತದಲ್ಲೂ ಚೆಂಡಿನ ವೇಗ ಅಷ್ಟಾಗಿ ಸೋರಿಹೋಗುವುದಿಲ್ಲ. ಪಿಂಗ್ ಕಂಪನಿಯ ಕಾರ್‌ಸ್ಟನ್ ಸೋಲ್‌ಹೈಮ್ 1960ರ ದಶಕದಲ್ಲೇ ಪಟರ್‌ನಲ್ಲಿ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಮಾಡಿ ತೋರಿಸಿದ ಉಪಾಯವಿದು. ಆದರೆ ಈ ಕ್ಷಮೆ ಚೆಂಡು ಎಲ್ಲಿ ಬಡಿಯಿತು ಎಂಬುದಕ್ಕೆ ಮಾತ್ರ. ಮುಖ ಎತ್ತ ತಿರುಗಿತ್ತು ಎಂಬುದಕ್ಕೆ ಅದು ಅನ್ವಯಿಸುವುದಿಲ್ಲ. ಬಲಗೈ ಆಟಗಾರನ ಕ್ಲಬ್ ಮುಖ ಗುರಿಯಿಂದ ಬಲಕ್ಕೆ 4 ಡಿಗ್ರಿ ತೆರೆದಿದ್ದರೆ, ಆ ದಿಕ್ಕಿನಲ್ಲಿ ನೇರವಾಗಿ ಹೋದ ಚೆಂಡೂ 200 ಯಾರ್ಡ್ ತಲುಪುವಷ್ಟರಲ್ಲಿ 14 ಯಾರ್ಡ್ ಬಲಕ್ಕಿರುತ್ತದೆ. ಸ್ವಿಂಗ್ ಹೊರಗಿನಿಂದ ಒಳಗೆ ಬರುತ್ತಿದ್ದರೆ ಅದರ ಮೇಲೆ ಸ್ಲೈಸ್ ಬೇರೆ, ಅಂದರೆ ಚೆಂಡು ಇನ್ನೂ ಬಲಕ್ಕೆ ಬಾಗುತ್ತದೆ.

ತಲೆಗೆ ಶಾಫ್ಟ್ (ಕ್ಲಬ್‌ನ ಕೋಲು) ಸೇರುವ, ಹೊಂದಿಸಬಹುದಾದ ಹೊಸೆಲ್ ಇದೆಯಲ್ಲ, ಅಲ್ಲೇ ಹೆಚ್ಚು ಜನ ಎಡವುವುದು. ವೃತ್ತಿಪರರ ಹಾಗೆ ಚೆಂಡು ತಗ್ಗಾಗಿ ನುಗ್ಗಲಿ ಎಂದು ಲಾಫ್ಟ್ ಅನ್ನು (ಮುಖ ಹಿಂದಕ್ಕೆ ವಾಲಿದ ಕೋನ) 10.5 ಡಿಗ್ರಿಯಿಂದ 9ಕ್ಕೆ ಇಳಿಸುತ್ತಾರೆ. ಇಳಿಸಿದಾಗ ಮುಖವೂ ತುಸು ತೆರೆದುಕೊಳ್ಳುತ್ತದೆ, ಸ್ಲೈಸ್ ಇನ್ನೂ ಜೋರಾಗುತ್ತದೆ. ಕ್ಲಬ್ ತಲೆಯ ವೇಗ ಗಂಟೆಗೆ 85 ಮೈಲಿಯಷ್ಟಿದ್ದರೆ 12 ಡಿಗ್ರಿಯಿಂದ ಶುರುಮಾಡಿ.

ಶಾಫ್ಟ್ ಉದ್ದದ ಕಥೆಯೂ ಇಂಥದ್ದೇ. ಹಿಂದಿನ ಉಕ್ಕಿನ ಶಾಫ್ಟ್ ಡ್ರೈವರ್ ಸುಮಾರು 43 ಇಂಚು, ಈಗಿನ ಗ್ರಾಫೈಟ್ ಸಾಮಾನ್ಯವಾಗಿ 45.5. ಉದ್ದ ಹೆಚ್ಚಿದರೆ ವೇಗ ಹೆಚ್ಚುತ್ತದೆ, ನಡುವಿಗೆ ಹೊಡೆಯುವುದು ಕಷ್ಟವಾಗುತ್ತದೆ. ಪರೀಕ್ಷೆ ಸುಲಭ: ಮುಖಕ್ಕೆ ಕಾಲಿಗೆ ಹಾಕುವ ಪೌಡರ್ ಸ್ಪ್ರೇ ಹೊಡೆದು ಹತ್ತು ಚೆಂಡು ಹೊಡೆಯಿರಿ. ಗುರುತು ಎಲ್ಲೆಂದರಲ್ಲಿ ಚೆದುರಿದ್ದರೆ ಒಂದು ಇಂಚು ಕೆಳಗೆ ಹಿಡಿದು ಮತ್ತೆ ಹತ್ತು. ಗುರುತುಗಳು ನಡುವಿಗೆ ಕೂಡಿಬಂದರೆ ಶಾಫ್ಟ್ ಕತ್ತರಿಸಿ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ತಲೆ ಎಷ್ಟು ಭಾರ ಎನಿಸುತ್ತದೆ ಎಂಬ ಅಳತೆ) ಮೂರು ಅಂಕ ಇಳಿಯುತ್ತದೆ. ತಲೆಗೆ 6 ಗ್ರಾಂ ಸೀಸದ ಟೇಪ್ ಅಂಟಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಐರನ್‌ಗಳಲ್ಲಿ (ಲೋಹದ ಚಪ್ಪಟೆ ತಲೆಯ ಕ್ಲಬ್‌ಗಳು) ತಂತ್ರಜ್ಞಾನದ ಜೊತೆಗೆ ಒಂದಿಷ್ಟು ಕೈಚಳಕವೂ ನಡೆದಿದೆ. 35 ಡಿಗ್ರಿ ಲಾಫ್ಟ್ ಇದ್ದ 7 ನಂಬರಿನ ಐರನ್ ಈಗ ಹವ್ಯಾಸಿಗಳ ಸೆಟ್‌ಗಳಲ್ಲಿ 28–30. ಅಂದರೆ ಹಳೆಯ 6 ಅಥವಾ 5 ಐರನ್‌ಗೇ 7 ಎಂದು ಬರೆದಂತಾಯಿತು. ತಲೆಯ ಭಾರಕೇಂದ್ರ ಕೆಳಗಿಳಿದಿರುವುದರಿಂದ ಚೆಂಡು ಎತ್ತರಕ್ಕೇ ಹೋಗುತ್ತದೆ, ಅದೇನೋ ನಿಜ. ಪೆಟ್ಟು ಬೀಳುವುದು ಸೆಟ್ಟಿನ ಕೆಳಗಿನ ತುದಿಯಲ್ಲಿ: ಹತ್ತಿರದ ಹೊಡೆತದ ಪಿಚಿಂಗ್ ವೆಜ್ 43, ಸ್ಯಾಂಡ್ ವೆಜ್ ಮಾತ್ರ ಹಳೆಯ 56. ನಡುವೆ 13 ಡಿಗ್ರಿ ಕಂದರ, ಸ್ಕೋರ್ ಮಾಡಬೇಕಾದ ಅಂತರದಲ್ಲೇ ಕ್ಲಬ್ ಇಲ್ಲ. 48 ಮತ್ತು 52ರ ವೆಜ್ ಸೇರಿಸಿ. ಹದಿನಾಲ್ಕು ಕ್ಲಬ್‌ಗಳ ಮಿತಿಗಾಗಿ, ನಿಧಾನ ಸ್ವಿಂಗಿಗೆ ಏಳಲೊಲ್ಲದ 3 ಮತ್ತು 4 ಐರನ್ ತೆಗೆದುಬಿಡಿ.

ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತೇವೆ. ಐರನ್‌ನ ಲೈ ಕೋನದ (ಶಾಫ್ಟ್ ನೆಲಕ್ಕೆ ಮಾಡುವ ಕೋನ) ವಿಷಯದಲ್ಲಿ ನೆಲ ಕೆಲವೊಮ್ಮೆ ನಿಜಕ್ಕೂ ಡೊಂಕಾಗಿರುತ್ತದೆ. ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ಕ್ಲಬ್ ಮುಖದ ಕಡೆ ಇರುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಬಿದ್ದ ಗುರುತಿನ ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಲೈ ತೀರಾ ನೆಟ್ಟಗಿದೆ, ಬಲಗೈಯವರ ಚೆಂಡು ಎಡಕ್ಕೆ ಹೋಗುತ್ತದೆ. ಹೀಲ್ (ಶಾಫ್ಟ್ ಸೇರುವ ಬದಿ) ಕಡೆಗೆ ವಾಲಿದ್ದರೆ ತದ್ವಿರುದ್ಧ. ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಐರನ್ ಆದರೆ ಒಂದೆರಡು ಡಿಗ್ರಿ ಬಾಗಿಸಿಕೊಡುತ್ತಾರೆ, ಹೊಸ ಸೆಟ್ಟಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ಹೊಸದನ್ನು ಕೊಳ್ಳಲೇಬೇಕು ಎನ್ನುವವರು ಹಳೆಯದನ್ನೂ ಜೊತೆಗೆ ಒಯ್ದು, ಒಂದೇ ರೇಂಜಿನಲ್ಲಿ, ನೀವು ಪಂದ್ಯದಲ್ಲಿ ಆಡುವ ಚೆಂಡಿನಲ್ಲೇ ಹೋಲಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ 200 ಯಾರ್ಡ್ ಹೋಗುವ ಚೆಂಡು ಇಲ್ಲಿ ಆರೇಳು ಯಾರ್ಡ್ ಮುಂದೆ ಬೀಳುತ್ತದೆ. ಅದು ಡ್ರೈವರ್‌ನ ಲೆಕ್ಕಕ್ಕೆ ಹೋಗಬಾರದು. ಹತ್ತು ಹೊಡೆತಗಳಲ್ಲಿ ಅತಿ ಉದ್ದದ್ದನ್ನು ಬಿಟ್ಟು, ನಡುವಿನದನ್ನು ಬರೆದುಕೊಳ್ಳಿ.