ಮಗು ಯಾರ ಬಳಿ, ಹಬ್ಬ ಯಾರ ಮನೆಯಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಮೈಸೂರಿನ ಗೋಕುಲಂ ಕಡೆ ಬೆಳಗಿನ ಹೊತ್ತು ಓಡಾಡಿದವರಿಗೆ ಗೊತ್ತು, ಯೋಗದ ಚಾಪೆ ಸುತ್ತಿ ಹೆಗಲಿಗೇರಿಸಿದ ವಿದೇಶಿಯರು ಎಳನೀರಿನ ಗಾಡಿ ಮುಂದೆ ನಿಂತಿರುತ್ತಾರೆ. ಕಲಿಯಲು ಬಂದವರಲ್ಲಿ ಕೆಲವರು ಇಲ್ಲೇ ಸಂಸಾರ ಹೂಡಿದ್ದಾರೆ. ಅತ್ತ ಮಂಡ್ಯ, ಮದ್ದೂರು, ಪಾಂಡವಪುರದ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಜರ್ಮನಿಗೋ ಅಮೆರಿಕಕ್ಕೋ ಹೋಗಿ, ಅಲ್ಲಿಯವರನ್ನೇ ಕೈಹಿಡಿದು ಬಂದರೆ ಈಗ ಊರಿನಲ್ಲಿ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಪಟಾಕಿ ಹೊಡೆದು, ಬೀಗರೂಟ ಹಾಕಿಸಿ ಮನೆತುಂಬಿಸಿಕೊಳ್ಳುತ್ತಾರೆ. ಇಂಥ ಮದುವೆ ಮುರಿದು ಬಿದ್ದಾಗ ಮಗು ಯಾವ ದೇಶದ್ದು, ಯಾವ ಭಾಷೆಯದು ಎಂಬ ಜಗಳ ಶುರುವಾಗುತ್ತದೆ. ಕುಟುಂಬದ ವ್ಯಾಜ್ಯಗಳನ್ನೇ ಹೆಚ್ಚಾಗಿ ನಡೆಸುವ ವಕೀಲಿಕೆಯ ಅನುಭವದಿಂದ ಈ ಹೊತ್ತು ಅದರ ಬಗ್ಗೆ ನಾಲ್ಕು ಮಾತು.

ಕಸ್ಟಡಿ, ಅಂದರೆ ಮಗು ಯಾರ ಸುಪರ್ದಿನಲ್ಲಿರಬೇಕು ಎಂಬ ಅರ್ಜಿಗಳಲ್ಲಿ ತಪ್ಪದೆ ಬರುವ ಒಂದು ವಾಕ್ಯವಿದೆ: 'ಮಗುವು ನಮ್ಮ ಸಂಸ್ಕೃತಿಯಲ್ಲಿ ಬೆಳೆಯುವುದು ಅವಶ್ಯಕವಾಗಿರುತ್ತದೆ.' ಎದುರು ಪಕ್ಷದವರ ತಕರಾರಿನಲ್ಲೂ ಅದೇ ವಾಕ್ಯ, ದೇಶದ ಹೆಸರು ಮಾತ್ರ ಬೇರೆ. ಮನೆಯಲ್ಲಿ ಮಗನ ಜೊತೆ ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತಾಡದ ಅಪ್ಪನೂ ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಕನ್ನಡದ ಕಟ್ಟಾಳು ಆಗಿಬಿಡುತ್ತಾನೆ. ವಿಚಿತ್ರವೆಂದರೆ, ಕಾನೂನು ಈ ಮಾತಿಗೆ ಅಂಥ ಮಣೆ ಏನೂ ಹಾಕಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಮಗುವಿನ ವಯಸ್ಸು, ಲಿಂಗ, ಧರ್ಮ, ಪೋಷಕರ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧ ಇವನ್ನು ನೋಡಿ ಎನ್ನುತ್ತದೆ. ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಭಾಷೆಯ ಹೆಸರು ಅದರಲ್ಲಿಲ್ಲ. ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. ಅದರೊಳಗೆ ಭಾಷೆ, ಹಬ್ಬ, ಅಜ್ಜಿ ಮನೆ ಎಷ್ಟು ಸೇರಬೇಕು ಎನ್ನುವುದು ವಾದ ಮಾಡುವವರ ಕೈಯಲ್ಲಿದೆ, ಕೇಳುವ ನ್ಯಾಯಾಧೀಶರ ಮನಸ್ಸಿನಲ್ಲಿದೆ.

ಗಡಿ ದಾಟಿದ ಪ್ರಕರಣಗಳಲ್ಲಿ ಗಂಟು ಇನ್ನೂ ಬಿಗಿ. 1980ರಲ್ಲಿ ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ತಂದೆ ತಾಯಿಯರಲ್ಲಿ ಒಬ್ಬರು, 16 ವರ್ಷದೊಳಗಿನ ಮಗುವನ್ನು ಇನ್ನೊಬ್ಬರ ಹಕ್ಕು ಮುರಿದು ಬೇರೆ ದೇಶಕ್ಕೆ ಕರೆದುಕೊಂಡು ಹೋದರೆ, ಮಗುವನ್ನು ಮೊದಲು ಅದು ವಾಸವಾಗಿದ್ದ ದೇಶಕ್ಕೆ ವಾಪಸ್ ಕಳಿಸಬೇಕು, ಕಸ್ಟಡಿ ಯಾರಿಗೆ ಅನ್ನುವುದು ಅಲ್ಲಿ ತೀರ್ಮಾನವಾಗಲಿ ಎಂಬುದು ಅದರ ಸಾರ. ಜರ್ಮನಿ, ಅಮೆರಿಕ, ಬ್ರಿಟನ್ ಎಲ್ಲ ಸಹಿ ಹಾಕಿವೆ, ಭಾರತ ಹಾಕಿಲ್ಲ. 2016ರಲ್ಲಿ ಕಾನೂನು ಆಯೋಗ ತನ್ನ 263ನೇ ವರದಿಯಲ್ಲಿ ಮಸೂದೆಯ ಕರಡನ್ನೇ ಕೊಟ್ಟರೂ ಅದು ಕಾಯ್ದೆಯಾಗಲಿಲ್ಲ. ಹಿಂಜರಿಕೆಗೆ ಕಾರಣವೂ ಇದೆ. ಪರದೇಶದಲ್ಲಿ ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಓಡಿ ಬಂದ ಹೆಣ್ಣುಮಗಳನ್ನು ಅಪಹರಣ ಮಾಡಿದವಳೆಂದು ಕರೆದು ಹಿಂದಕ್ಕೆ ಕಳಿಸಬೇಕಾದೀತು ಎಂಬ ಭಯ. ಒಪ್ಪಂದದ 13ನೇ ವಿಧಿಯಲ್ಲಿ ಮಗುವಿಗೆ ಗಂಭೀರ ಅಪಾಯವಿದ್ದರೆ ಕಳಿಸಬೇಕಿಲ್ಲ ಎಂಬ ವಿನಾಯಿತಿ ಇದೆ. ಆದರೆ ನಾಲ್ಕು ಗೋಡೆಯ ನಡುವೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಒಪ್ಪಂದ ಇಲ್ಲದ್ದರಿಂದ ನಮ್ಮಲ್ಲಿ ಪ್ರತಿ ಪ್ರಕರಣವನ್ನೂ ಅದರದರ ಮೇಲೆ ತೂಗುತ್ತಾರೆ. ಅಪ್ಪ ಅಮೆರಿಕದಿಂದ ಕರೆತಂದಿದ್ದ ಮಗುವನ್ನು 1986ರಲ್ಲಿ ಸುಪ್ರೀಂ ಕೋರ್ಟ್ ಅಮೆರಿಕದವಳಾದ ತಾಯಿಯ ಜೊತೆ ಕಳಿಸಿತು. 2017ರಲ್ಲಿ ಅದೇ ಕೋರ್ಟು, ವಿದೇಶಿ ನ್ಯಾಯಾಲಯದ ಆದೇಶಕ್ಕೆ ಗೌರವ ಇರಲಿ, ಆದರೆ ಮಗುವಿನ ಹಿತವೇ ಮೊದಲು ಎಂದಿತು. 2022ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಅಮೆರಿಕದಲ್ಲಿ ಹುಟ್ಟಿದ ಹುಡುಗ ಅಲ್ಲಿಗೇ ಮರಳುವುದು ಅವನಿಗೆ ಒಳ್ಳೆಯದು ಎಂದಿತು. ಹಾಗಾಗಿ 'ಒಂದು ಸಲ ಊರಿಗೆ ಕರಕೊಂಡು ಬಂದುಬಿಡಿ, ಆಮೇಲೆ ನೋಡೋಣ' ಎಂದು ಕಟ್ಟೆಯ ಮೇಲೆ ಕೂತು ಸಲಹೆ ಕೊಡುವ ದೊಡ್ಡವರ ಮಾತು ಕೇಳಬೇಡಿ.

ಇನ್ನು ಸಂಸ್ಕೃತಿಯ ವಿಷಯ. ಗುರುತು ಸಿಗದ ಹಾಗೆ ಒಂದು ಪ್ರಸಂಗ ಹೇಳುತ್ತೇನೆ. ರಾಜಿ ಮಾತುಕತೆ ನಡೆಸುವ ಮೀಡಿಯೇಷನ್ ಕೇಂದ್ರದ ಕಾರಿಡಾರಿನಲ್ಲಿ ಮಂಡ್ಯ ಕಡೆಯ ಒಬ್ಬ ಅಜ್ಜಿ, ಸ್ಟೀಲ್ ಡಬ್ಬಿಯಲ್ಲಿ ಕಜ್ಜಾಯ ಇಟ್ಟುಕೊಂಡು ಮೊಮ್ಮಗನಿಗೆ ಕಾಯುತ್ತಿದ್ದರು. ಹುಡುಗ ತನ್ನ ಜರ್ಮನ್ ತಾಯಿಯ ಕೈ ಹಿಡಿದು ಬಂದ. 'ತಿನ್ನು ಮಗ, ನಿಂಗೇ ಅಂತ ಮಾಡ್ಕಂಡ್ ಬಂದಿವ್ನಿ' ಅಂದರು ಅಜ್ಜಿ. ಅವನು ಡಬ್ಬಿ ಕಡೆ ನೋಡದೆ, 'ಗೌರಿ ಕರು ಹಾಕ್ತಾ ಅಜ್ಜಿ?' ಅಂತ ಕೇಳಿದ. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಆ ತಾಯಿ, 'ಹೆಣ್ಗರು ಕಣೋ, ನಾನೇ ಹೇಳಿರ್ಲಿಲ್ವಾ' ಅಂದಳು. ಕನ್ನಡ ಕಲಿತದ್ದು ಅತ್ತೆಯ ಬಳಿಯೇ, ಕೊಟ್ಟಿಗೆಯಲ್ಲಿ. ಮದುವೆ ಮುರಿದ ಮೇಲೂ ಅತ್ತೆಗೆ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದ ಅರ್ಜಿಯಲ್ಲಿ, ಈಕೆ ಮಗುವನ್ನು ಕನ್ನಡದ ಬೇರಿನಿಂದ ಕಿತ್ತುಹಾಕುತ್ತಾಳೆ ಎಂದು ಎರಡು ಪುಟ ಟೈಪಾಗಿತ್ತು.

ಪರಂಪರೆ ಅಂದಾಕ್ಷಣ ನಾವು ನಮ್ಮದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಮೈಸೂರಿನಲ್ಲೇ ಬೆಳೆಯುವ ಆ ಹುಡುಗನಿಗೆ ತಾಯಿಯ ಜರ್ಮನ್ ಭಾಷೆಯೂ ಹುಟ್ಟಿನಿಂದ ಬಂದದ್ದೇ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ, ಮಗುವಿಗೆ ಕೊಡುವ ಶಿಕ್ಷಣ ಅದರ ತಂದೆತಾಯಿ, ಅದರ ಭಾಷೆ, ಅದು ಬಾಳುವ ನಾಡು, ಅದರ ಮೂಲದ ನಾಡು ಎಲ್ಲದರ ಬಗ್ಗೆಯೂ ಗೌರವ ಬೆಳೆಸಬೇಕು ಎನ್ನುತ್ತದೆ. ನಮ್ಮ ಮಗುವಿನ ಕಿವಿಗೆ 'ನಿಮ್ಮಮ್ಮನ ಊರಿನವರಿಗೆ ನೀತಿ ನಿಯತ್ತಿಲ್ಲ' ಎಂದು ಊದುವ ಚಿಕ್ಕಪ್ಪಂದಿರು ಇದನ್ನೊಮ್ಮೆ ಓದಬೇಕು.

ಕಸ್ಟಡಿ ಒಬ್ಬರಿಗೆ ಸಿಕ್ಕ ಮೇಲೆ ಇನ್ನೊಂದು ಕಡೆಯ ಪರಂಪರೆ ಉಳಿಯುವುದು ತಂದೆತಾಯಿ ಮಾಡಿಕೊಳ್ಳುವ ಒಪ್ಪಂದ ಪತ್ರದ ಚಿಕ್ಕಚಿಕ್ಕ ವಿವರಗಳಲ್ಲಿ. 'ಶಾಲಾ ರಜೆಯ ಅರ್ಧ ಭಾಗ ತಂದೆಯ ಬಳಿ' ಎಂದು ಬರೆದು ಸಹಿ ಮಾಡಿಸುತ್ತಾರೆ. ಮಗು ಜರ್ಮನಿಯಲ್ಲಿದ್ದರೆ ಅಲ್ಲಿ ದೊಡ್ಡ ರಜೆ ಬೇಸಿಗೆಯಲ್ಲಿ, ಆರು ವಾರ. ನಮ್ಮ ಸಂಕ್ರಾಂತಿ ಬರುವುದು ಜನವರಿ ನಡುವಿಗೆ, ಅಷ್ಟರಲ್ಲಿ ಅಲ್ಲಿ ಕ್ರಿಸ್‌ಮಸ್ ರಜೆ ಮುಗಿದು ಶಾಲೆ ಶುರುವಾಗಿರುತ್ತದೆ. ಶಾಲೆ ತಪ್ಪಿಸುವುದನ್ನು ಆ ದೇಶದವರು ಸುಲಭಕ್ಕೆ ಒಪ್ಪುವುದಿಲ್ಲ. ಅಂದರೆ ಆ ಮಗು ತನ್ನಪ್ಪನ ಊರಿನಲ್ಲಿ ದನಗಳ ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವುದನ್ನು ಶಾಲೆ ಮುಗಿಯುವವರೆಗೂ ನೋಡುವುದಿಲ್ಲ. ಮಗು ಇಲ್ಲಿದ್ದರೆ ನಷ್ಟ ಆ ಕಡೆಗೆ. ಡಿಸೆಂಬರ್ 5ರ ರಾತ್ರಿ ಬೂಟು ತೊಳೆದು ಬಾಗಿಲ ಹೊರಗಿಟ್ಟು, ಬೆಳಗ್ಗೆ ಸಂತ ನಿಕೋಲಸ್ ಅದರಲ್ಲಿ ತಿಂಡಿ ತುಂಬಿದ್ದಾನೆಯೇ ಎಂದು ನೋಡುವುದು ಜರ್ಮನಿಯ ಮಕ್ಕಳ ಸಡಗರ. ಆಗ ನಮ್ಮಲ್ಲಿ ಶಾಲೆ ನಡೆಯುತ್ತಿರುತ್ತದೆ. ದಿನಗಳನ್ನು ಎಣಿಸಿ ಹಂಚಿದರೆ ಸಾಲದು, ಯಾವ ದಿನ ಎಂದು ಪಂಚಾಂಗವನ್ನೂ ಆ ಕಡೆಯ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಂಡು ಬರೆಯಬೇಕು. ಕೆಲವು ವರ್ಷಕ್ಕೊಮ್ಮೆಯಾದರೂ ಸಂಕ್ರಾಂತಿಗೆ ಬರಲು ಶಾಲೆಯಿಂದ ಮುಂಚಿತವಾಗಿ ಅನುಮತಿ ಕೇಳಬೇಕು ಎಂಬ ಒಂದು ಸಾಲು ಸೇರಿಸಿದರೂ ಸಾಕು.

ವಿಡಿಯೊ ಕಾಲ್ ಕೂಡ ಹಾಗೆಯೇ. ಕಸ್ಟಡಿ ಸಿಗದವರಿಗೆ ದಿನಕ್ಕೆ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪಂದದಲ್ಲಿ 'ಜರ್ಮನಿಯ ಸಂಜೆ ನಾಲ್ಕು ಗಂಟೆಗೆ' ಎಂದು ಬರೆದಿರಿ ಅನ್ನಿ. ಬೇಸಿಗೆಯಲ್ಲಿ ಅದು ನಮಗೆ ಏಳೂವರೆ. ಚಳಿಗಾಲಕ್ಕೆ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಎಂಟೂವರೆ, ಇಲ್ಲಿಯ ಮಗು ತೂಕಡಿಸುತ್ತಿರುತ್ತದೆ. ಇಷ್ಟಕ್ಕೇ 'ಬೇಕಂತಲೇ ಮಲಗಿಸಿದರು' ಎಂದು ಮತ್ತೆ ಅರ್ಜಿ ಬೀಳುತ್ತದೆ. ಮಗು ಜರ್ಮನಿಯಲ್ಲಿದ್ದರೆ ಆ ಕರೆಯ ಹಕ್ಕಿನಲ್ಲಿ ಇಲ್ಲಿಯ ಅಜ್ಜಿಯ ಹೆಸರನ್ನೂ ಸೇರಿಸಿ. ಅಪ್ಪ ಇಂಗ್ಲಿಷಿಗೆ ಜಾರುತ್ತಾನೆ, ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲವಾದ್ದರಿಂದ ಮಗು ಕನ್ನಡದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಭಾರತೀಯರನ್ನು ಮದುವೆಯಾದ ಕಾರಣಕ್ಕೆ ವಿದೇಶಿಯರಿಗೆ ಸಿಕ್ಕ, ವೀಸಾ ಇಲ್ಲದೆ ಭಾರತದಲ್ಲಿ ಇರಲು ಬಿಡುವ ಓಸಿಐ ಕಾರ್ಡನ್ನು, ವಿಚ್ಛೇದನವಾದರೆ ಸರ್ಕಾರ ರದ್ದುಮಾಡಬಹುದು. ಮೈಸೂರಿನಲ್ಲೇ ಮಗುವಿನ ಜೊತೆ ಇರಬೇಕೆಂದಿರುವ ತಾಯಿ ಕಸ್ಟಡಿ ಗೆದ್ದರೂ ವೀಸಾಕ್ಕೆ ಅಲೆಯಬೇಕಾಗುತ್ತದೆ. ಡೈವೋರ್ಸ್ ಡಿಕ್ರಿ ಕೈಗೆ ಬರುವ ಮುಂಚೆಯೇ ಇದಕ್ಕೆ ದಾರಿ ನೋಡಿಕೊಳ್ಳಬೇಕು.

ಕಡೆಯದಾಗಿ, ಬರೆದದ್ದನ್ನು ಪಾಲಿಸುವಂತೆ ಮಾಡುವ ಬಗೆ. ಮಗುವನ್ನು ಕಳಿಸುವ ದೇಶದ ನ್ಯಾಯಾಲಯದಿಂದಲೂ ಇಲ್ಲಿಯ ಆದೇಶದ ಪಡಿಯಚ್ಚಿನಂಥ ಆದೇಶ ತರಿಸಬಹುದು, ಅದಕ್ಕೆ ಮಿರರ್ ಆರ್ಡರ್ ಎನ್ನುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತು ಹಾಕಿಯೇ ಒಂದು ಮಗುವನ್ನು ಕೀನ್ಯಾದಲ್ಲಿದ್ದ ತಂದೆಗೆ ಒಪ್ಪಿಸಿತ್ತು. ಆತ ಮಾತಿಗೆ ತಪ್ಪಿದ್ದರಿಂದ 2021ರಲ್ಲಿ ಆ ತೀರ್ಪನ್ನೇ ಹಿಂತೆಗೆದುಕೊಂಡಿತು, ಆದರೆ ಅಷ್ಟರಲ್ಲಿ ಮಗು ಸಮುದ್ರದಾಚೆ ಹೋಗಿಯಾಗಿತ್ತು. ಆದ್ದರಿಂದ ಮಿರರ್ ಆರ್ಡರಿನ ಪ್ರತಿ ಕೈಗೆ ಬಂದರಷ್ಟೇ ಸಾಲದು. ಅದನ್ನು ಆ ದೇಶದ ನಿಮ್ಮದೇ ವಕೀಲರಿಗೆ ಕೊಟ್ಟು, ಅಲ್ಲಿಯ ಕಾನೂನಿನಲ್ಲಿ ಅದು ನಡೆಯುತ್ತದೆಯೇ ಎಂದು ಬರವಣಿಗೆಯಲ್ಲಿ ಅಭಿಪ್ರಾಯ ತರಿಸಿಕೊಳ್ಳಿ. ಮಗುವಿನ ಟಿಕೆಟ್ ಬುಕ್ ಮಾಡುವುದು ಆಮೇಲೆ. ನಮಸ್ಕಾರ.