ಬಾಡಿಗೆ ಮನೆಯ ಹೆಂಚು

ಆತ್ಮೀಯ ಶ್ರೋತೃಗಳಿಗೆ ನಮಸ್ಕಾರ.

ಮೈಸೂರಿನ ಚಾಮರಾಜಪುರಂನಲ್ಲಿ ನಾನಿರುವುದು ಒಂದು ಹಳೆಯ ವಠಾರದಲ್ಲಿ. ಮುಂದಿನ ದೊಡ್ಡ ಮನೆಯಲ್ಲಿ ಮಾಲೀಕರಾದ ಅಜ್ಜಿ ಒಬ್ಬರೇ ಇದ್ದಾರೆ. ಹಿಂದೆ ಸಾಲಾಗಿ ನಾಲ್ಕು ಹೆಂಚಿನ ಮನೆಗಳು, ನಾಲ್ಕರಲ್ಲೂ ಬಾಡಿಗೆಯವರೇ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವ ಇಬ್ಬರು ಹುಡುಗಿಯರು, ರಾತ್ರಿಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವ ಒಬ್ಬ ನರ್ಸ್, ಹೋದ ವರ್ಷ ಮದುವೆಯಾದ ಒಂದು ಜೋಡಿ, ಕೊನೆಯ ಮನೆಯಲ್ಲಿ ನಾನು. ಬಟ್ಟೆ ಒಣಹಾಕುವ ತಂತಿ ಎಲ್ಲರಿಗೂ ಒಂದೇ. ನೀರಿನ ಮೋಟಾರಿನ ಸ್ವಿಚ್ಚೂ ಒಂದೇ. ಬೆಳಿಗ್ಗೆ ಹತ್ತರವರೆಗೆ ಆ ನರ್ಸ್ ನಿದ್ದೆ ಮಾಡುತ್ತಾರೆಂದು ಉಳಿದವರು ಪಾತ್ರೆಯನ್ನು ಸದ್ದಾಗದ ಹಾಗೆ ತೊಳೆಯುತ್ತೇವೆ. ಇದನ್ನು ಯಾರೂ ಬರೆದು ಅಂಟಿಸಿಲ್ಲ.

ಒಂಬತ್ತು ವರ್ಷದ ಹಿಂದೆ ಪಾಂಡವಪುರದ ಕಡೆಯಿಂದ ರೈಲಿಳಿದು ಬಂದಾಗ ಕೈಯಲ್ಲಿ ಒಂದು ಬ್ಯಾಗು, ಒಂದು ಹಾಸಿಗೆ ಸುತ್ತು. ಮುದ್ರಣಾಲಯವೊಂದರಲ್ಲಿ ಕೆಲಸ ಸಿಕ್ಕಿತ್ತು, ಮನೆ ಬೇಕಿತ್ತು. ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಎಂದು ಎರಡು ಭಾನುವಾರ ಬೀದಿ ಬೀದಿ ಸುತ್ತಿದೆ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಕಂಡಲ್ಲೆಲ್ಲ ಗೇಟು ತಟ್ಟಿದೆ. ಒಂದು ಮನೆಯಲ್ಲಿ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಟ್ಟರು. ಬಾಡಿಗೆ ಹೇಳಿದರು, ಅಡ್ವಾನ್ಸ್ ಹೇಳಿದರು. ಆಮೇಲೆ, "ನೀವು ಯಾವ ಜನ?" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ನಮ್ಮ ತಂಗಿ ಮಗ ಬರ್ತೀನಿ ಅಂದಿದ್ದ, ಮರೆತೇಬಿಟ್ಟಿದ್ದೆ ನೋಡಿ" ಎಂದರು. ಆ ಬೋರ್ಡು ಇನ್ನೂ ನಾಲ್ಕು ತಿಂಗಳು ಅಲ್ಲೇ ತೂಗುತ್ತಿತ್ತು. ಕೆಲಸಕ್ಕೆ ಹೋಗುವ ದಾರಿ ಅದೇ ಆದ್ದರಿಂದ ದಿನಾ ಕಣ್ಣಿಗೆ ಬೀಳುತ್ತಿತ್ತು. ಇದನ್ನು ಬಾನುಲಿಯಲ್ಲಿ ಹೇಳಬೇಕೆಂದೇ ಹೇಳುತ್ತಿದ್ದೇನೆ. ಹಳೇ ಊರಿನ ಬಗ್ಗೆ ಹೆಮ್ಮೆ ಇರುವವರು ಈ ಪ್ರಶ್ನೆಯನ್ನು ಇನ್ನಾದರೂ ಕೈಬಿಡಬೇಕು. ಇವತ್ತಿಗೂ ಮನೆ ಹುಡುಕಿಕೊಂಡು ಬರುವ ಮಕ್ಕಳು ಅದನ್ನು ಕೇಳಿಸಿಕೊಂಡು ತಲೆತಗ್ಗಿಸಿ ಗೇಟು ಹಾಕಿಕೊಂಡು ಹೋಗುತ್ತಿದ್ದಾರೆ.

ನಮ್ಮ ಅಜ್ಜಿ ಕೇಳಿದ ಪ್ರಶ್ನೆ ಬೇರೆ. "ಏಣಿ ಹತ್ತಕ್ಕೆ ಬರುತ್ತೇನಪ್ಪಾ?" ಬರುತ್ತದೆ ಎಂದೆ. "ಹಾಗಾದ್ರೆ ಹಾಸಿಗೆ ತಂದು ಹಾಕ್ಕೋ" ಎಂದರು.

ಆ ಏಣಿಯ ಮಾತಿಗೆ ಆಮೇಲೆ ಬರುತ್ತೇನೆ. ಈ ಮೊಹಲ್ಲಾಗಳು ಹೀಗೇಕಿವೆ ಎಂಬುದನ್ನು ಸ್ವಲ್ಪ ಹೇಳಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೈಸೂರಿಗೆ ಪ್ಲೇಗ್ ಬಂತು. ಕೋಟೆಯ ಸುತ್ತ ಒತ್ತೊತ್ತಾಗಿದ್ದ ಕೇರಿಗಳಲ್ಲಿ ಜನ ಸತ್ತರು. ಊರಿಗೆ ಗಾಳಿ ಬೆಳಕು ಬೇಕೆಂದು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ನೇರ ರಸ್ತೆ, ಅದಕ್ಕೆ ಅಡ್ಡರಸ್ತೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಆ ಗಲ್ಲಿ ಯಾಕಿತ್ತು ಎಂಬುದನ್ನು ನಾವು ಮರೆಯಬಾರದು. ಒಳಚರಂಡಿ ಇಲ್ಲದ ಕಾಲದಲ್ಲಿ ಮನುಷ್ಯರೇ ಮನುಷ್ಯರ ಮಲ ಹೊತ್ತು ಅದೇ ದಾರಿಯಲ್ಲಿ ಓಡಾಡಿದರು. ನಾನೀಗ ಸೈಕಲ್ ನಿಲ್ಲಿಸುವ ಜಾಗ ಅದು.

ಊರನ್ನು ನಡೆದು ಮುಟ್ಟುವ ಅಳತೆಗೆ ಕಟ್ಟಿದ್ದರು. ನನಗೆ ಗಾಡಿ ಇಲ್ಲ, ಬೇಕೆಂದೂ ಅನ್ನಿಸಿಲ್ಲ. ಚಾಮರಾಜಪುರಂ ರೈಲು ನಿಲ್ದಾಣ ನಡೆದರೆ ಐದು ನಿಮಿಷ. ಮಹಾರಾಜ ಕಾಲೇಜು, ಯುವರಾಜ ಕಾಲೇಜು, ಕೋರ್ಟು, ಅರ್ಥಶಾಸ್ತ್ರದ ಓಲೆಗರಿ ಸಿಕ್ಕ ಪ್ರಾಚ್ಯವಿದ್ಯಾ ಸಂಶೋಧನಾಲಯ, ಎಲ್ಲಕ್ಕೂ ಕಾಲೇ ಸಾಕು. ಸಂಜೆ ಕುಕ್ಕರಹಳ್ಳಿ ಕೆರೆ ಏರಿಗೆ ಒಂದು ಸುತ್ತು. ತಿಂಗಳ ಕೊನೆಯಲ್ಲಿ ಜೇಬು ಖಾಲಿಯಾದಾಗ ಅಗ್ರಹಾರದ ತರಕಾರಿ ಮಾರುಕಟ್ಟೆಗೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಹೋದರೆ ಉಳಿದ ಸೊಪ್ಪನ್ನು ಕಟ್ಟುಗಟ್ಟಲೆ ಕೊಟ್ಟುಬಿಡುತ್ತಾರೆ, ಅದರಲ್ಲೇ ಬಸ್ಸಾರು. ಹೊರವಲಯದ ಹೊಸ ಬಡಾವಣೆಗಳಲ್ಲಿ ಇದೇ ಬಾಡಿಗೆಗೆ ದೊಡ್ಡ ಮನೆ ಸಿಗುತ್ತದೆ, ನಿಜ. ಅಲ್ಲಿ ಒಂದು ಹಾಲಿನ ಪ್ಯಾಕೆಟ್ಟಿಗೂ ಗಾಡಿ ತೆಗೆಯಬೇಕು.

ಈಗ ಏಣಿಗೆ ಬರುತ್ತೇನೆ.

ನಮ್ಮ ಸಾಲಿನ ಮನೆಗಳಿಗೆ ಮಂಗಳೂರು ಹೆಂಚು. ಮುಂಗಾರಿಗೆ ಮುಂಚೆ ಪ್ರತಿ ವರ್ಷ ಹೆಂಚು ಕೈಯಾಡಿಸಬೇಕು. ಬೆಕ್ಕು ಓಡಾಡಿ ಸರಿದದ್ದು, ತೆಂಗಿನ ಗರಿ ಬಿದ್ದು ಒಡೆದದ್ದು, ಹೆಂಚು ಹೊರುವ ಮರದ ರೀಪರ್ ಪಟ್ಟಿಗೆ ಗೆದ್ದಲು ಹಿಡಿದದ್ದು, ಎಲ್ಲವನ್ನೂ ನೋಡಬೇಕು. ಮೊದಲ ವರ್ಷ ಹತ್ತಿದಾಗ ಒಂದು ಹೆಂಚು ಎತ್ತಿ ಮಗುಚಿದೆ. ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಅಚ್ಚು. ಮಂಗಳೂರಿನಲ್ಲಿ ಅವರು ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಅಕ್ಷರದ ಅಂಚು ಇನ್ನೂ ಬೆರಳಿಗೆ ತಾಗುವಷ್ಟು ಚೂಪಾಗಿತ್ತು. ದಿನವೆಲ್ಲ ಅಚ್ಚಿನ ನಡುವೆ ಇರುವವನು ನಾನು. ಆ ಹೆಂಚನ್ನು ಕೆಳಗಿಡಲು ಮನಸ್ಸಾಗದೆ ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದೆ. ಬೀಗ ಹಾಕಿದ ಮನೆಯಲ್ಲಿ ಒಂದು ಹೆಂಚು ಸರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮಳೆಗಾಲ ನೀರಿಳಿದರೆ ಪಟ್ಟಿ ಕೊಳೆಯುತ್ತದೆ, ಎರಡನೆಯದಕ್ಕೆ ತೊಲೆ, ಮೂರನೆಯದಕ್ಕೆ ಗೋಡೆ. ಒಳಗೆ ಮಲಗಿದವನ ಮೂಗಿನ ಮೇಲೆ ಹನಿ ಬಿದ್ದರೆ ಅದೇ ರಾತ್ರಿ ಎದ್ದು ಬಕೆಟ್ ಇಡುತ್ತಾನೆ, ಬೆಳಿಗ್ಗೆ ಏಣಿ ಹಾಕುತ್ತಾನೆ. ನಮ್ಮ ಬೀದಿಯ ಹಳೇ ಮನೆಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿರುವವು ಹೆಚ್ಚಾಗಿ ಬಾಡಿಗೆ ಹುಡುಗ ಹುಡುಗಿಯರು ತುಂಬಿಕೊಂಡಿರುವ ಮನೆಗಳೇ. ನಾನು ಹೇಳಲು ಬಂದದ್ದು ಇದನ್ನೇ.

ಅಜ್ಜಿಯ ಮುಂದಿನ ಮನೆಗೆ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಇಟ್ಟಿಗೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು. ಸುಣ್ಣ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸೋರುತ್ತದೆಂದು ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ಕಾಣುವುದಿಲ್ಲ. 2012ರಲ್ಲಿ ನಮ್ಮ ಊರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದೊಡ್ಡ ಕಟ್ಟಡ ಬಿದ್ದರೆ ಪತ್ರಿಕೆಯಲ್ಲಿ ಬರುತ್ತದೆ, ವಠಾರದ ಮನೆ ಬಿದ್ದರೆ ಆರು ತಿಂಗಳಲ್ಲಿ ಅಲ್ಲಿ ನಾಲ್ಕು ಮಹಡಿಯ ಪಿಜಿ ಏಳುತ್ತದೆ. ಒಂದು ಕೋಣೆಗೆ ನಾಲ್ಕು ಮಂಚ. ಜಗಲಿ ಇರುವುದಿಲ್ಲ. ಪಕ್ಕದ ಕೋಣೆಯವರ ಹೆಸರು ತಿಳಿಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ಮಾಲೀಕರ ಕಷ್ಟವೂ ನನಗೆ ಗೊತ್ತಿದೆ. ತಾರಸಿ ರಿಪೇರಿಗೆ ಬೇಕಾದ ದುಡ್ಡು ಎರಡು ವರ್ಷದ ಬಾಡಿಗೆಯನ್ನು ನುಂಗುತ್ತದೆ. ಸುಣ್ಣದ ಗಾರೆ ಬಲ್ಲ ಕೈಗಳು ಕಡಿಮೆಯಾಗಿವೆ. ಮಕ್ಕಳು ಹೊರದೇಶದಿಂದ ಫೋನು ಮಾಡಿ, "ಮಾರಿಬಿಡಮ್ಮ" ಅನ್ನುತ್ತಾರೆ. ಅಜ್ಜಿಗೂ ಆ ಫೋನು ಬರುತ್ತದೆ, ಭಾನುವಾರ ರಾತ್ರಿ. ಆ ಸೋಮವಾರಗಳಲ್ಲಿ ಅವರು ರಂಗೋಲಿಯನ್ನು ಚಿಕ್ಕದಾಗಿ ಮುಗಿಸಿಬಿಡುತ್ತಾರೆ.

ನಮ್ಮ ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂಬ ಕಾನೂನಿನಿಂದ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಒಂಬತ್ತು ವರ್ಷದಲ್ಲಿ ಎಷ್ಟು ಸಲ ಬರೆಸಿದೆವೋ ಲೆಕ್ಕ ತಪ್ಪಿದೆ. ಪ್ರತಿ ಸಲವೂ ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸಹಿ ಮಾಡಿ, "ಇನ್ನೊಂದು ಮಳೆಗಾಲ" ಅನ್ನುತ್ತಾರೆ.

ಈ ಸಲ ಎರಡನೇ ಮನೆಯ ಎಂ.ಎಸ್ಸಿ. ಹುಡುಗಿ ತಾನೂ ಮೇಲೆ ಹತ್ತುತ್ತೇನೆ ಎಂದಿದ್ದಾಳೆ. ನಲವತ್ತು ಹಳೇ ಹೆಂಚು ಗುಜರಿಯಿಂದ ತಂದು ಗಲ್ಲಿಯಲ್ಲಿ ಜೋಡಿಸಿಟ್ಟಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಶುರು. ನರ್ಸ್ ಏಳುವವರೆಗೆ ಅವರ ಮನೆಯ ಮೇಲಿನದನ್ನು ಮುಟ್ಟುವುದಿಲ್ಲ.

ನಮಸ್ಕಾರ.