ಮೊದಲು ಮೈಕ್ ಎಣಿಸಿ, ಆಮೇಲೆ ಇಂಟರ್‌ಫೇಸ್

ನಮಸ್ಕಾರ ಕೇಳುಗರೇ. ದಾವಣಗೆರೆ, ಚಿತ್ರದುರ್ಗದ ಕಡೆ ಈಗ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ಜಾಸ್ತಿಯಾಗಿದ್ದಾರೆ. ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ಒಯ್ಯುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್, ಯಾವ ಕಂಪನಿಯದು ತಗೊಳ್ಳಲಿ ಅಂತ ಕೇಳುತ್ತಾರೆ. ಕಂಪನಿ ಆಮೇಲೆ ನೋಡೋಣ. ಒಟ್ಟಿಗೆ ಎಷ್ಟು ಮೈಕ್ ಇಡುತ್ತೀರಿ?

ಗಿಟಾರ್ ಹಿಡಿದು ಒಬ್ಬರೇ ಹಾಡುವುದಾದರೆ ಎರಡು ಇನ್‌ಪುಟ್ ಸಾಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದು ನಡೆಯುತ್ತದೆ. ಆದರೆ ಭಜನೆ ತಂಡ ಬಂತು ಅನ್ನಿ. ಹಾಡುವವರಿಗೆ ಒಂದು, ಹಾರ್ಮೋನಿಯಂಗೆ ಒಂದು, ತಬಲಾಕ್ಕೊಂದು, ಡಗ್ಗಾಕ್ಕೊಂದು. ಅಲ್ಲಿಗೆ ನಾಲ್ಕಾಯ್ತು ಅಲ್ವಾ? ಇಲ್ಲೊಂದು ಹುಷಾರು ಬೇಕು. ಡಬ್ಬದ ಮೇಲೆ 4 ಇನ್‌ಪುಟ್ ಅಂತ ಬರೆದಿದ್ದರೂ ಎಷ್ಟೋ ಸಲ ಮೈಕ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಇರುವುದು ಎರಡೇ, ಉಳಿದೆರಡು ಕೀಬೋರ್ಡ್‌ನಂಥವಕ್ಕೆ ಇರುವ ಲೈನ್ ಇನ್‌ಪುಟ್. ಹಿಂದೆ ಮುಂದೆ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ಕಂಡೆನ್ಸರ್ ಮೈಕ್ ಇದ್ದರೆ ಅದಕ್ಕೆ ಕರೆಂಟ್ ಕೊಡುವ 48 ವೋಲ್ಟ್ ಸ್ವಿಚ್ ಇಂಟರ್‌ಫೇಸ್‌ನಲ್ಲಿ ಇರಬೇಕು. ಆ ಕರೆಂಟ್ ಬೇಡದ ಡೈನಾಮಿಕ್ ಮೈಕ್ ಆದರೆ ಗೇನ್, ಅಂದರೆ ಪೆಟ್ಟಿಗೆ ದನಿಯನ್ನು ಎಷ್ಟು ಹಿಗ್ಗಿಸಬಲ್ಲದು ಅನ್ನೋದು, ನೋಡಿ. ಶೂರ್ ಎಸ್‌ಎಂ7ಬಿ ಅನ್ನುವ ಡೈನಾಮಿಕ್ ಮೈಕ್‌ಗೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು ಅಂತ ಕಂಪನಿಯೇ ಹೇಳುತ್ತದೆ, ಅಗ್ಗದ ಪೆಟ್ಟಿಗೆಗಳು ಅಲ್ಲಿಗೆ ಬರುವಷ್ಟರಲ್ಲಿ ಬುಸ್ ಅನ್ನಲು ಶುರು ಮಾಡುತ್ತವೆ. ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತದೆ ಅನ್ನುವ ಕಡೆ 192 ಕಿಲೋಹರ್ಟ್ಸ್ ಅಂತ ಹಾಕಿದ್ದರೆ ಅದಕ್ಕೆ ಮರುಳಾಗಬೇಡಿ, 48 ಕಿಲೋಹರ್ಟ್ಸ್ ಸಾಕು, ಒಂದೊಂದು ಅಳತೆಯ ಸೂಕ್ಷ್ಮತೆಗೆ 24 ಬಿಟ್ ಸಾಕು.

ಇನ್ನು ಔಟ್‌ಬೋರ್ಡ್, ಅಂದರೆ ಕಂಪ್ಯೂಟರ್ ಹೊರಗೆ ಇಡುವ ಉಪಕರಣ. ಎಲ್‌ಎ-2ಎ, 1176 ಅಂತ ಜೋರು ದನಿಯನ್ನು ತಗ್ಗಿಸಿ ಸಮ ಮಾಡುವ 1960ರ ದಶಕದ ಕಂಪ್ರೆಸರ್‌ಗಳ ಹೆಸರು ಕೇಳಿಯೇ ಕೆಲವರಿಗೆ ಆಸೆ. ಅವನ್ನು ಮಿಕ್ಸಿಂಗ್‌ನಲ್ಲಿ ಬಳಸಬೇಕಾದರೆ ಸ್ಪೀಕರ್‌ಗೆ ಹೋಗುವ ಎರಡು ಔಟ್‌ಪುಟ್ ಬಿಟ್ಟು ಬೇರೆ ಲೈನ್ ಔಟ್ ಇರಬೇಕು, ವಾಪಸ್ ಬರಲು ಲೈನ್ ಇನ್ ಬೇಕು. ಎರಡೇ ಇನ್‌ಪುಟ್, ಎರಡೇ ಔಟ್‌ಪುಟ್ ಇರುವ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಡುವವರ ದನಿ ಒಮ್ಮೆಲೇ ಏರುತ್ತದಾ? ಗೇನ್ ಇಳಿಸಿ, ಜೋರು ದನಿ ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. 24 ಬಿಟ್‌ನಲ್ಲಿ ಅಷ್ಟು ಕಡಿಮೆ ಇಟ್ಟರೂ ಏನೂ ಹಾಳಾಗಲ್ಲ. ಕಂಪ್ರೆಸರ್ ಕೆಲಸವನ್ನು ಆಮೇಲೆ ಸಾಫ್ಟ್‌ವೇರ್ ಮಾಡುತ್ತದೆ.

ಕಂಪ್ರೆಸರ್‌ಗೆ ಹಾಕುವ ದುಡ್ಡಲ್ಲಿ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ಅಂತೀನಿ ನಾನು. ಹೆಡ್‌ಫೋನ್‌ನಲ್ಲಿ ಗುಂಯ್ ಅನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತಿತಾ? ಹಾಗಿದ್ದರೆ ಇಂಟರ್‌ಫೇಸ್‌ನ ತಪ್ಪಲ್ಲ, ಚಾರ್ಜರ್ ಮತ್ತು ಅರ್ಥಿಂಗ್ ಕಡೆ ನೋಡಬೇಕು. ನಮ್ಮ ಕಡೆ ಬೇಸಿಗೆಗೆ ನೆಲ ಒಣಗಿದಂತೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ, ಅದಕ್ಕೆ ಆಗಾಗ ನೀರು ಹಾಕುತ್ತಿರಬೇಕು. ಸದ್ದು ಹೋಗಲಿ ಅಂತ ಪ್ಲಗ್ಗಿನ ದಪ್ಪ ಪಿನ್ ಮಾತ್ರ ಮುರಿಯಬೇಡಿ, ಜೀವಕ್ಕೇ ಅಪಾಯ.

ಕೋಣೆಯ ಮಾರ್ದನಿಗೆ ಚಳ್ಳಕೆರೆ ಕಂಬಳಿ ಇದೆಯಲ್ಲ. ಎರಡು ಪದರ ಮಾಡಿ, ಹಾಡುವವರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು ನೇತುಹಾಕಿ. ಡಗ್ಗಾದ ಗುಮ್ಮು ಅದಕ್ಕೆ ಬಗ್ಗಲ್ಲ. ಅದಕ್ಕೆ ದಪ್ಪ ರಾಕ್‌ವೂಲ್, ಅಂದರೆ ಕಲ್ಲಿನ ನಾರಿನ ಹಾಸು, ಬೇಕು, ಅದು ಬರುವ ತನಕ ತಬಲಾದವರನ್ನು ಮೂಲೆಯಿಂದ ಎಬ್ಬಿಸಿ ಆಚೆ ಕೂರಿಸಿ.

ನಮಸ್ಕಾರ.